ಆವರಣದೊಳಗಿನ ಬಂಡಿಗೂ ಕಡೆಗೀಲು ಬೇಕು

ಹಿಂದೆ ಬಸವನಬಾಗೇವಾಡಿ ಸೀಮೆಯ ಒಕ್ಕಲಿಗನು ಬೆಳಗಿನಲ್ಲಿ ಚಕ್ಕಡಿ ಹೂಡುವ ಮುನ್ನ ಎರಡು ಕೆಲಸಗಳನ್ನು ತಪ್ಪದೆ ಮಾಡುತ್ತಿದ್ದನು. ಗಾಲಿಯ ಕಡೆಗೀಲನ್ನು ಕೈಯಿಂದ ಅಲುಗಿಸಿ ನೋಡುತ್ತಿದ್ದನು. ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದನು. ಸಂತೆ ನಾಲ್ಕು ಹರದಾರಿ ದೂರವಿರಲಿ, ಹೊಲವು ಊರ ಮಗ್ಗುಲಲ್ಲಿಯೇ ಇರಲಿ, ಈ ಕ್ರಮದಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ. ಕಡೆಗೀಲು ಜಾರಿದರೆ ಗಾಲಿ ಕಳಚುವುದು. ಗಾಲಿ ಕಳಚುವುದಕ್ಕೆ ದೂರದ ದಾರಿಯೇ ಬೇಕೆಂದೇನೂ ಇಲ್ಲ. ಇದನ್ನು ಅವನಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಇಂದು ಅದೇ ಸೀಮೆಯ ಗೊಳಸಂಗಿಯಲ್ಲಿ ನಿಂತು ನೋಡಿದರೆ ಬೇರೊಂದು ಲೋಕವೇ ಕಣ್ಣಿಗೆ ಬೀಳುತ್ತದೆ. ವಿಜಯಪುರದಿಂದ ನಿಡಗುಂದಿಯ ಮಾರ್ಗವಾಗಿ ಹುನಗುಂದ, ಹೊಸಪೇಟೆಗಳತ್ತ ಸಾಗುವ ಹೆದ್ದಾರಿಯಲ್ಲಿ ಹಗಲಿರುಳೂ ಭಾರದ ಲಾರಿಗಳ ಸಾಲು. ಸಮೀಪದ ಕೂಡಗಿಯಲ್ಲಿ ತಲಾ ೮೦೦ ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳುಳ್ಳ ಉಷ್ಣ ವಿದ್ಯುತ್ ಸ್ಥಾವರ. ೨೦೧೬ರಿಂದ ೨೦೧೮ರ ಅವಧಿಯಲ್ಲಿ ಈ ಘಟಕಗಳು ಒಂದರ ಹಿಂದೆ ಒಂದರಂತೆ ಚಾಲನೆಗೊಂಡವು. ಸ್ಥಾವರಕ್ಕೆ ನೀರು ಆಲಮಟ್ಟಿಯ ಜಲಾಶಯದಿಂದ ಬರುತ್ತದೆ. ಕಲ್ಲಿದ್ದಲು ರೈಲಿನ ಮೇಲೆ ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ನೂರಕ್ಕೆ ೩೦ರಿಂದ ೪೦ರಷ್ಟಿರುವುದರಿಂದ, ಉರಿಸಿದ ಪ್ರತಿ ಮೂರು ಟನ್ನಿಗೆ ಸುಮಾರು ಒಂದು ಟನ್ನು ಬೂದಿ ಉಳಿಯುತ್ತದೆ. ಈ ಬೂದಿಯನ್ನು ಸಿಮೆಂಟು, ಇಟ್ಟಿಗೆ ಮುಂತಾದವುಗಳಿಗೆ ಉಪಯೋಗಿಸುವಂತೆ ಕೇಂದ್ರ ಸರಕಾರವು ೧೯೯೯ರಲ್ಲಿ ಅಧಿಸೂಚನೆ ಹೊರಡಿಸಿದಂದಿನಿಂದ, ದೇಶದ ಎಲ್ಲೆಡೆ ಬೂದಿಯನ್ನು ತುಂಬುವ, ಸಾಗಿಸುವ, ಇಳಿಸುವ ಉದ್ಯೋಗವೇ ಒಂದು ಬೆಳೆದು ನಿಂತಿದೆ. ಇದರೊಡನೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಅಂಗಳಗಳು, ಹೆದ್ದಾರಿಯ ಮಗ್ಗುಲಲ್ಲಿ ಜಲ್ಲಿಯ ಕ್ರಷರುಗಳು, ಕಾಂಕ್ರೀಟು ಕಲಸುವ ತಾಣಗಳು. ಇಂಥ ಅಂಗಳವನ್ನು ಜನರು 'ಯಾರ್ಡು' ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಯಾರ್ಡಿನೊಳಗೆ ದುಡಿಯುವ ಭಾರವಾಹನಗಳು ಹಲವು ಬಗೆಯವು. ಕಲ್ಲಿದ್ದಲ ರಾಶಿಯನ್ನು ತಳ್ಳಿ ಅದುಮುವ ಡೋಜರು, ಬಕೀಟಿನಿಂದ ಎತ್ತಿ ತುಂಬುವ ಲೋಡರು, ಬೆನ್ನೆತ್ತಿ ಸುರಿಯುವ ಟಿಪ್ಪರು, ಬೂದಿಯನ್ನು ಹೊಟ್ಟೆಯಲ್ಲಿ ತುಂಬಿಕೊಳ್ಳುವ ಬಲ್ಕರು, ಎರಡು ಟ್ರೇಲರುಗಳನ್ನು ಬಾಲದಂತೆ ಎಳೆದುಕೊಂಡು ಬರುವ ಟ್ರ್ಯಾಕ್ಟರು, ಕ್ರೇನು. ಇವುಗಳ ಪಾಲನೆಯ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಯಾರ್ಡಿಗೆ ಹೋಗಬೇಕಾದ ಪ್ರಸಂಗ ನನಗೆ ಬಂದಿತು. ಅಲ್ಲೊಂದು ಹಳೆಯ ಟಿಪ್ಪರು ನಿಂತಿತ್ತು. ಅದರ ಹಿಂದಿನ ಗಾಲಿಯ ಅಡಿಗೆ ತಲೆಗಾತ್ರದ ಕರಿಕಲ್ಲೊಂದನ್ನು ಒತ್ತಿ ಇಟ್ಟಿದ್ದರು. ಕಲ್ಲಿನ ಒಂದು ಮುಖ ಟೈರಿನ ಉಜ್ಜಿಗೆ ಸವೆದು ನುಣುಪಾಗಿತ್ತು. ಅದು ಒಂದೆರಡು ದಿನದ ಏರ್ಪಾಡಲ್ಲವೆಂಬುದು ಸ್ಪಷ್ಟವಾಗಿತ್ತು. ಬ್ರೇಕು ಹಿಡಿಯುವುದಿಲ್ಲವೇ ಎಂದು ಕೇಳಿದೆ. ಚಾಲಕನು ನಕ್ಕು, "ಇದು ರೋಡಿಗೆ ಹೋಗೂ ಗಾಡಿ ಅಲ್ರಿ ಸಾಹೇಬ್ರ. ಒಳಗ ತಿರಗತೈತಿ, ಒಳಗ ನಿಂದರತೈತಿ. ಇದಕ್ಯಾಕ್ರಿ ಅಷ್ಟು ಚಿಂತಿ?" ಎಂದನು. ಆರು ತಿಂಗಳು ಕಳೆಯುವುದರೊಳಗೆ ಅದೇ ಗಾಡಿ ಒಂದು ರಾತ್ರಿ ಕಲ್ಲನ್ನು ಸರಿಸಿ ಹಿಂದಕ್ಕೆ ಉರುಳಿತೆಂದೂ, ಹಿಂದೆ ನಿಂತಿದ್ದ ಕ್ಲೀನರ್ ಹುಡುಗನ ಕಾಲು ಹೋಯಿತೆಂದೂ ತಿಳಿಯಿತು. ಚಾಲಕನನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವನು ಆಡಿದ ಮಾತು ಅವನೊಬ್ಬನದಲ್ಲ. ಯಾರ್ಡಿನ ಯಜಮಾನನಿಂದ ಹಿಡಿದು ನಮ್ಮ ಕಾನೂನಿನ ಪುಸ್ತಕದವರೆಗೆ ಎಲ್ಲರೂ ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿದ್ದಾರೆ.

ಕಾನೂನಿನ ಬೇಲಿ

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ರಸ್ತೆಯಲ್ಲಿ ಓಡುವ ಸಾರಿಗೆ ವಾಹನವು ೧೯೮೮ರ ಮೋಟಾರು ವಾಹನ ಕಾಯಿದೆಯ ೫೬ನೆಯ ಪ್ರಕರಣದಂತೆ ಅರ್ಹತಾ ಪತ್ರವನ್ನು ಪಡೆದಿರಬೇಕು. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿವರ್ಷ, ಅದು ತಪಾಸಣೆಗೆ ಒಳಪಡಬೇಕು. ಆದರೆ ಅದೇ ಕಾಯಿದೆಯ ಎರಡನೆಯ ಪ್ರಕರಣವು 'ಮೋಟಾರು ವಾಹನ' ಎಂಬ ಪದಕ್ಕೆ ಅರ್ಥ ಹೇಳುವಾಗ, ಕಾರ್ಖಾನೆಯಲ್ಲಾಗಲಿ ಬೇರಾವ ಆವೃತ ಸ್ಥಳದಲ್ಲಾಗಲಿ ಮಾತ್ರವೇ ಬಳಸುವುದಕ್ಕೆ ತಕ್ಕಂತೆ ಮಾಡಿದ ವಿಶೇಷ ಬಗೆಯ ವಾಹನವನ್ನು ಆ ಪದದ ಹೊರಗಿಟ್ಟಿದೆ. ಯಾವ ಯಂತ್ರ ಒಳಗೆ, ಯಾವುದು ಹೊರಗೆ ಎಂಬುದರ ಬಗ್ಗೆ ನ್ಯಾಯಾಲಯಗಳಲ್ಲಿ ವಾದಗಳು ನಡೆಯುತ್ತಲೇ ಬಂದಿವೆ. ೨೦೨೫ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವೃತ ಯಾರ್ಡಿನೊಳಗೆ ಮಾತ್ರ ದುಡಿದ ವಾಹನಗಳ ಮೇಲೆ ಆ ಅವಧಿಗೆ ಮೋಟಾರು ವಾಹನ ತೆರಿಗೆ ಸಲ್ಲದೆಂದು ತೀರ್ಪಿತ್ತಿತು. ರಸ್ತೆಯನ್ನು ಬಳಸದವನು ರಸ್ತೆಯ ತೆರಿಗೆಯನ್ನೇಕೆ ಕೊಡಬೇಕು? ಈ ತೀರ್ಪು ನ್ಯಾಯವಾದದ್ದೇ.

ಆದರೆ ತೆರಿಗೆಯ ವಿನಾಯಿತಿಯನ್ನು ಪಾಲನೆಯ ವಿನಾಯಿತಿಯೆಂದು ತಿಳಿಯುವ ಅಭ್ಯಾಸ ನಮ್ಮಲ್ಲುಂಟು. ಸರಕಾರವು ಬೇಲಿಯೊಳಗಿನ ಗಾಡಿಗೆ ವಿನಾಯಿತಿ ಕೊಡಬಹುದು. ಗುರುತ್ವಾಕರ್ಷಣೆಯಾಗಲಿ ಘರ್ಷಣೆಯಾಗಲಿ ಅಂಥ ವಿನಾಯಿತಿಯನ್ನು ಎಂದೂ ಕೊಟ್ಟಿಲ್ಲ. ೧೯೪೮ರ ಕಾರ್ಖಾನೆಗಳ ಕಾಯಿದೆಯು ಕ್ರೇನು, ಸರಪಳಿ, ಹಗ್ಗ ಮೊದಲಾದ ಭಾರ ಎತ್ತುವ ಸಾಧನಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ತನ್ನ ೨೯ನೆಯ ಪ್ರಕರಣದಲ್ಲಿ ವಿಧಿಸಿತ್ತು. ಎತ್ತುವ ಯಂತ್ರಕ್ಕೆ ಅಂದೇ ದೊರೆತ ಈ ಎಚ್ಚರಿಕೆ, ಅದೇ ಅಂಗಳದಲ್ಲಿ ಹಿಂದೆ ಮುಂದೆ ಓಡುವ ನಾಲ್ವತ್ತು ಟನ್ನಿನ ಗಾಡಿಗೂ ದೊರೆಯಬೇಕಲ್ಲವೆ?

ನಿಧಾನವೆಂಬ ಭ್ರಮೆ

"ಯಾರ್ಡಿನಲ್ಲಿ ಗಾಡಿ ನಿಧಾನವಾಗಿ ಹೋಗುತ್ತದೆ, ಅಪಾಯವೇನು?" ಎಂಬುದು ಎರಡನೆಯ ಮಾತು. ಇದಕ್ಕೆ ಉತ್ತರವನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಿ ಹೇಳಬಲ್ಲನು. ಚಲಿಸುವ ವಸ್ತುವಿನಲ್ಲಿರುವ ಚಲನಶಕ್ತಿಯು ಅದರ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಬಂದುದರ ಅರ್ಧ. ಸರಕು ತುಂಬಿದ ೪೦ ಟನ್ನಿನ ಗಾಡಿ ಗಂಟೆಗೆ ೧೦ ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು ೨.೮ ಮೀಟರ್ ವೇಗದಲ್ಲಿ ಚಲಿಸುತ್ತಿದೆ ಎನ್ನೋಣ. ಅದರಲ್ಲಿರುವ ಶಕ್ತಿ ಸುಮಾರು ೧,೫೪,೦೦೦ ಜೂಲ್. ಒಂದು ಟನ್ನಿನ ಕಾರು ಹೆದ್ದಾರಿಯಲ್ಲಿ ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರ ಶಕ್ತಿ ಸುಮಾರು ೧,೩೯,೦೦೦ ಜೂಲ್. ಮನುಷ್ಯನು ಓಡುವ ವೇಗದಲ್ಲಿ ತೆವಳುವ ಟಿಪ್ಪರನ್ನು ನಿಲ್ಲಿಸುವುದಕ್ಕೆ, ಹೆದ್ದಾರಿಯ ಕಾರನ್ನು ನಿಲ್ಲಿಸುವುದಕ್ಕಿಂತ ಹೆಚ್ಚು ಶಕ್ತಿಯನ್ನು ಬ್ರೇಕುಗಳು ನುಂಗಬೇಕು.

ನಿಂತ ಗಾಡಿಯ ವಿಚಾರವೂ ಹೀಗೆಯೇ. ನಾಲ್ವತ್ತು ಅಡಿಗೆ ಒಂದು ಅಡಿ ಇಳಿಯುವ ನೆಲ ಕಣ್ಣಿಗೆ ಸಮತಟ್ಟೆಂದೇ ತೋರುತ್ತದೆ. ಅಂಥ ನೆಲದ ಮೇಲೆ ೪೦ ಟನ್ನಿನ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಪೂರಾ ಒಂದು ಟನ್ನು. ಗಟ್ಟಿ ನೆಲದ ಮೇಲೆ ಟೈರುಗಳು ಉರುಳುವಾಗ ಹುಟ್ಟುವ ತಡೆ ಇದರ ಅರ್ಧಕ್ಕಿಂತಲೂ ಕಡಿಮೆ. ಆದುದರಿಂದ ಬ್ರೇಕು ಹಿಡಿಯದಿದ್ದರೆ ಗಾಡಿ ಉರುಳಿಯೇ ಉರುಳುತ್ತದೆ; ಇಪ್ಪತ್ತು ಮೀಟರು ಹೋಗುವಷ್ಟರಲ್ಲಿ ಮನುಷ್ಯನು ನಡೆಯುವ ವೇಗವನ್ನು ಮೀರುತ್ತದೆ. ಕರಿಕಲ್ಲು ಅದನ್ನು ಎಷ್ಟು ದಿನ ತಡೆದೀತು?

ಹರದಾರಿಯಲ್ಲ, ಗಂಟೆ

ಮೂರನೆಯ ತಪ್ಪು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನಾವು ವಾಹನದ ಸವೆತವನ್ನು ಅದು ಓಡಿದ ದೂರದಿಂದ ಅಳೆಯುತ್ತೇವೆ. ರಸ್ತೆಯ ಲಾರಿಗೆ ಈ ಅಳತೆ ಸರಿ. ಯಾರ್ಡಿನ ಗಾಡಿ ದಿನಕ್ಕೆ ಇಪ್ಪತ್ತು ಗಂಟೆ ದುಡಿದರೂ ಅದರ ಮೀಟರು ಅಷ್ಟಾಗಿ ಮುಂದಕ್ಕೆ ಹೋಗುವುದಿಲ್ಲ. ಅದರ ಸರಾಸರಿ ವೇಗ ಗಂಟೆಗೆ ೬ ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ೨೦,೦೦೦ ಕಿಲೋಮೀಟರಿಗೊಮ್ಮೆ ಇಂಜಿನ್ ಎಣ್ಣೆ ಬದಲಿಸುವುದು ಲಾರಿಯ ವಾಡಿಕೆಯಾಗಿದ್ದರೆ, ಅದೇ ವಾಡಿಕೆಯನ್ನು ಇಲ್ಲಿಗೂ ಅನ್ವಯಿಸಿದಾಗ ಎಣ್ಣೆ ಬದಲಾಗುವುದು ೩,೩೦೦ ಗಂಟೆಗಳು ಮೀರಿದ ಮೇಲೆ! ಡೋಜರು, ಲೋಡರುಗಳನ್ನು ತಯಾರಿಸುವವರಾದರೋ ಸಾಮಾನ್ಯವಾಗಿ ೨೫೦ ಅಥವಾ ೫೦೦ ಗಂಟೆಗಳಿಗೊಮ್ಮೆ ಎಣ್ಣೆ ಬದಲಿಸಬೇಕೆಂದು ಹೇಳುತ್ತಾರೆ. ದಿನಕ್ಕೆ ಇಪ್ಪತ್ತು ಗಂಟೆ ದುಡಿಯುವ ಯಂತ್ರಕ್ಕೆ ೨೫೦ ಗಂಟೆಗಳೆಂದರೆ ಹದಿಮೂರು ದಿನ. ಈ ಹದಿಮೂರು ದಿನಗಳಲ್ಲಿ ಅದು ಓಡಿದ ದೂರವಾದರೋ ಕೇವಲ ೧,೫೦೦ ಕಿಲೋಮೀಟರ್.

ದೂರ ಕಡಿಮೆಯೆಂದು ಸವೆತ ಕಡಿಮೆಯಲ್ಲ. ಯಾರ್ಡಿನಲ್ಲಿ ಚಾಲಕನು ನಿಮಿಷಕ್ಕೊಮ್ಮೆ ಬ್ರೇಕು ಒತ್ತುತ್ತಾನೆ. ಗೇರನ್ನು ಹಿಂದೆ ಮುಂದೆ ಮಾಡುತ್ತಾನೆ. ನಿಂತಲ್ಲಿಯೇ ಚಕ್ರವನ್ನು ತಿರುವುತ್ತಾನೆ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಗಾಲಿಗಳಿಗೆ ಅಂಟಿಕೊಳ್ಳುತ್ತದೆ, ಬೇಸಗೆಯಲ್ಲಿ ಬಿರುಕುಬಿಟ್ಟು ಧೂಳಾಗಿ ಏಳುತ್ತದೆ. ಹಾರುಬೂದಿಯ ಕಣಗಳು ಗಾಜಿನಂಥ ಗಟ್ಟಿ ಗುಂಡುಗಳು; ಗ್ರೀಸಿನಲ್ಲಿ ಸೇರಿದರೆ ಅವು ಅರದಂತೆ ಲೋಹವನ್ನು ತಿನ್ನುತ್ತವೆ, ಗಾಳಿಯ ಸೋಸುಕವನ್ನು ಹೊಕ್ಕು ಇಂಜಿನ್ನಿನ ಉಸಿರು ಕಟ್ಟಿಸುತ್ತವೆ. ಕಲ್ಲಿದ್ದಲ ಧೂಳಿನ ಕಥೆಯೇ ಬೇರೆ. ರಾಶಿಯೊಳಗೆ ಗಾಳಿ ನುಗ್ಗಿ ಕಲ್ಲಿದ್ದಲು ತಾನಾಗಿ ಹೊತ್ತಿಕೊಳ್ಳದಿರಲೆಂದು ಡೋಜರು ಅದನ್ನು ಅದುಮುತ್ತದೆ. ಆದರೆ ಅದೇ ಧೂಳು ಡೋಜರಿನ ಕಾದ ಹೊಗೆಕೊಳವೆಯ ಸುತ್ತ ಕುಳಿತರೆ ಬೆಂಕಿಯನ್ನು ಆರಿಸಬಂದ ಯಂತ್ರವೇ ಬೆಂಕಿಗೆ ತುತ್ತಾಗುತ್ತದೆ. ಅಲ್ಲಿ ದಿನವೂ ಧೂಳು ಒರೆಸುವುದು ಅಂದಚೆಂದದ ಕೆಲಸವಲ್ಲ, ಪ್ರಾಣರಕ್ಷಣೆಯ ಕೆಲಸ.

ಬ್ರೇಕಿನ ಬುದ್ಧಿ

ಪಾಲನೆಯ ಮಹತ್ವ ಯಾವುದೆಂಬುದನ್ನು ತಿಳಿಯಲು ಗಾಳಿಯ ಬ್ರೇಕಿನಷ್ಟು ಒಳ್ಳೆಯ ನಿದರ್ಶನ ಮತ್ತೊಂದಿಲ್ಲ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ೧೮೬೯ರಲ್ಲಿ ರೈಲುಗಾಡಿಗಳಿಗಾಗಿ ಇದನ್ನು ರೂಪಿಸಿದನು. ಅವನ ಮೊದಲ ರಚನೆಯಲ್ಲಿ ಒತ್ತಿದ ಗಾಳಿಯೇ ಬ್ರೇಕನ್ನು ಹಾಕುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವನು ಈ ಏರ್ಪಾಡನ್ನು ತಲೆಕೆಳಗು ಮಾಡಿದನು. ಗಾಳಿಯ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಒತ್ತಡ ತಪ್ಪಿದೊಡನೆ ಬ್ರೇಕು ತಾನಾಗಿ ಬೀಳುತ್ತದೆ. ಕೆಟ್ಟರೆ ಅಪಾಯದ ಕಡೆಗಲ್ಲ, ಅಭಯದ ಕಡೆಗೆ ಕೆಡಬೇಕೆಂಬ ಈ ತತ್ತ್ವ ಯಂತ್ರಶಿಲ್ಪದ ದೊಡ್ಡ ಕೊಡುಗೆಗಳಲ್ಲಿ ಒಂದು. ಇಂದಿನ ಭಾರವಾಹನಗಳ ನಿಲುಗಡೆಯ ಬ್ರೇಕಿನಲ್ಲಿಯೂ ಬಲವಾದ ಸುರುಳಿ ಸ್ಪ್ರಿಂಗೊಂದು ಗಾಲಿಯನ್ನು ಹಿಡಿದಿರುತ್ತದೆ. ಗಾಳಿ ಬಂದು ಒತ್ತಿದರೆ ಮಾತ್ರ ಅದು ಬಿಡುತ್ತದೆ.

ಇಂಥ ಬುದ್ಧಿವಂತ ಏರ್ಪಾಡನ್ನೂ ಅಲಕ್ಷ್ಯವು ಸೋಲಿಸಬಲ್ಲುದು. ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ನೀರಾವಿ ನೀರಾಗಿ ಟಾಂಕಿಯ ತಳದಲ್ಲಿ ನಿಲ್ಲುತ್ತದೆ. ಅದನ್ನು ದಿನವೂ ಹೊರಬಿಡದಿದ್ದರೆ ತುಕ್ಕು ಹಿಡಿದು ವಾಲ್ವುಗಳು ಅಂಟಿಕೊಳ್ಳುತ್ತವೆ. ಬ್ರೇಕಿನ ಲೈನರು ಸವೆದಂತೆಲ್ಲ ಅದನ್ನು ತಳ್ಳುವ ದಂಡವು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಆ ದೂರ ಮಿತಿ ಮೀರಿದಾಗ ಒತ್ತುವ ಬಲವು ಥಟ್ಟನೆ ಕುಸಿಯುತ್ತದೆ. ಬ್ರೇಕಿನ ಡ್ರಮ್ಮು ಬಿಸಿಯಾಗಿ ಹಿಗ್ಗಿದರೆ ಈ ದೂರ ಇನ್ನಷ್ಟು ಬೆಳೆಯುತ್ತದೆ. ತಣ್ಣಗಿರುವಾಗ 'ಪರವಾಗಿಲ್ಲ' ಎನಿಸಿದ ಬ್ರೇಕು ಮಧ್ಯಾಹ್ನದ ಬಿಸಿಲಲ್ಲಿ, ಇಳಿಜಾರಿನಲ್ಲಿ, ತುಂಬಿದ ಗಾಡಿಯಲ್ಲಿ ಕೈಕೊಡುವುದು ಈ ಕಾರಣದಿಂದ. ಎಲ್ಲಕ್ಕಿಂತ ಕೆಟ್ಟ ರೂಢಿ ಇನ್ನೊಂದಿದೆ. ಗಾಳಿ ಸೋರಿ ಗಾಡಿ ಕದಲದಾದಾಗ, ಅದನ್ನು ಬದಿಗೆ ಸರಿಸಲೆಂದು ಒಂದು ಬೋಲ್ಟನ್ನು ತಿರುಗಿಸಿ ಆ ಸ್ಪ್ರಿಂಗನ್ನು ಹಿಂದಕ್ಕೆ ಕಟ್ಟಿಬಿಡುವ ಉಪಾಯವುಂಟು. ಅದು ತುರ್ತಿನ ಉಪಾಯ ಮಾತ್ರ. ಹಾಗೆ ಕಟ್ಟಿದ ಸ್ಪ್ರಿಂಗನ್ನು ಬಿಚ್ಚದೆ ಗಾಡಿಯನ್ನು ಮತ್ತೆ ಖೇಪಿಗೆ ಹಚ್ಚಿದರೆ, ವೆಸ್ಟಿಂಗ್‌ಹೌಸನು ಒಂದೂವರೆ ಶತಮಾನದ ಹಿಂದೆ ಬಿಟ್ಟುಬಂದ ಅಪಾಯಕ್ಕೆ ನಾವು ತಿರುಗಿ ಹೋದಂತೆಯೇ ಸರಿ. ಆ ಸ್ಪ್ರಿಂಗಿನ ಗೂಡನ್ನು ತಿಳಿಯದವನು ಬಿಚ್ಚುವುದಂತೂ ಸಾವನ್ನು ಕರೆದಂತೆ. ಅದರೊಳಗೆ ಅಡಗಿರುವ ಬಲ ಅಷ್ಟು ದೊಡ್ಡದು.

ಒತ್ತಡದ ಮೂರು ಮುಖಗಳು

ಯಾರ್ಡಿನ ಗಾಡಿಯಲ್ಲಿ ಒತ್ತಡವು ಇನ್ನೂ ಮೂರು ಕಡೆ ಅಡಗಿರುತ್ತದೆ. ಮೊದಲನೆಯದು ಟೈರು. ಹವಾ ಕಡಿಮೆಯಿರುವ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಹೆಚ್ಚು ಮಡಿಯುತ್ತವೆ, ಮಡಿದಷ್ಟೂ ಕಾಯುತ್ತವೆ. ಬೇಸಗೆಯಲ್ಲಿ ನಾಲ್ವತ್ತು ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಜಿಲ್ಲೆಯಲ್ಲಿ ಟೈರು ಒಡೆಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಹೀಗೆ ಸೊರಗಿ ಓಡಿದ ಟೈರಿಗೆ ಗಾಡಿಯ ಮೇಲಿಟ್ಟುಕೊಂಡೇ ಮತ್ತೆ ಹವಾ ತುಂಬುವುದು ಅಪಾಯ. ಒಳಗಿನ ತಂತಿಗಳು ಮುರಿದಿರಬಹುದು, ಗಾಲಿಯ ಲಾಕ್ ರಿಂಗು ತನ್ನ ಸ್ಥಾನದಿಂದ ಜರುಗಿರಬಹುದು. ಅದನ್ನು ಕಳಚಿ, ಪರೀಕ್ಷಿಸಿ, ಕಬ್ಬಿಣದ ಪಂಜರದೊಳಗಿಟ್ಟು, ದೂರದಲ್ಲಿ ನಿಂತು ಹವಾ ತುಂಬಬೇಕು. ಇದಲ್ಲದೆ, ಟಿಪ್ಪರಿನ ಒಂದು ಬದಿಯ ಟೈರುಗಳು ಸೊರಗಿದ್ದರೆ ಗಾಡಿ ಆ ಬದಿಗೆ ವಾಲುತ್ತದೆ. ನೆಲದ ಮೇಲೆ ಬೆರಳಗಲದ ವಾಲು, ತೊಟ್ಟಿಯನ್ನು ಮೇಲೆತ್ತಿದಾಗ ತುದಿಯಲ್ಲಿ ಎಷ್ಟೋ ಪಟ್ಟು ಬೆಳೆಯುತ್ತದೆ. ಸುರಿಯುವಾಗ ಮಗುಚಿಬಿದ್ದ ಟಿಪ್ಪರಿನ ದೋಷವು ಹಲವು ವೇಳೆ ಬೆಳಿಗ್ಗೆ ಯಾರೂ ನೋಡದ ಟೈರಿನಲ್ಲಿರುತ್ತದೆ.

ಎರಡನೆಯದು ಎಣ್ಣೆಯ ಒತ್ತಡ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಲೋಡರಿನ ತೋಳಬಲ. ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಮಿನ ಒತ್ತಡದಲ್ಲಿ ೧೦ ಸೆಂಟಿಮೀಟರ್ ವ್ಯಾಸದ ಕೊಂತವು ಹದಿನೈದು ಟನ್ನಿಗೂ ಮೀರಿದ ಬಲವನ್ನು ಕೊಡುತ್ತದೆ. ಅದೇ ಒತ್ತಡದ ಎಣ್ಣೆ, ಹಳೆಯ ರಬ್ಬರ್ ಕೊಳವೆಯ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿದಾಗ ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಹೋಗಬಲ್ಲುದು. ಹೊರಗೆ ಚುಕ್ಕೆಯಷ್ಟೇ ಗಾಯ. ಒಳಗೆ ಕೈಯನ್ನೇ ಕಳೆದುಕೊಳ್ಳಬಹುದಾದಂಥ ಹಾನಿ. ಸೋರುವ ಜಾಗವನ್ನು ಕೈಯಿಂದ ತಡವಿ ಹುಡುಕಬಾರದು, ರಟ್ಟಿನ ತುಂಡನ್ನು ಹಿಡಿದು ಹುಡುಕಬೇಕು. ಗಾಯವಾದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎತ್ತಿದ ತೊಟ್ಟಿಯ ಅಡಿಗೆ ಊರೆ ಕೊಡದೆ ಯಾವನೂ ತಲೆಯಿಕ್ಕಬಾರದು. ತೊಟ್ಟಿಯನ್ನು ಹಿಡಿದಿರುವುದು ಒಂದು ರಬ್ಬರ್ ಕೊಳವೆಯ ಆಯುಷ್ಯ ಎಂಬುದನ್ನು ಮರೆಯಬಾರದು.

ಮೂರನೆಯದು ಬೂದಿಯ ಬಲ್ಕರು. ಬೂದಿಯನ್ನು ಇಳಿಸುವಾಗ ಅದರ ಹೊಟ್ಟೆಯೊಳಕ್ಕೆ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಮಿನವರೆಗಿನ ಒತ್ತಡದಲ್ಲಿ ಗಾಳಿ ತುಂಬುತ್ತಾರೆ. ಎರಡು ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಮೇಲಿನ ಮುಚ್ಚಳದ ವ್ಯಾಸ ೫೦ ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು ೧,೯೬೦ ಚದರ ಸೆಂಟಿಮೀಟರ್. ಮುಚ್ಚಳವನ್ನು ಮೇಲಕ್ಕೆ ನೂಕುವ ಬಲ ಹತ್ತಿರಹತ್ತಿರ ನಾಲ್ಕು ಟನ್ನು! ಒತ್ತಡ ಇಳಿಯಿತೆಂದು ಸುಳ್ಳು ಹೇಳುವ ಕೆಟ್ಟ ಮಾಪಕ, ಬೂದಿ ಕಟ್ಟಿ ಮುಚ್ಚಿಹೋದ ಸುರಕ್ಷಾ ವಾಲ್ವು, ಇವೆರಡೂ ಸೇರಿದಲ್ಲಿ ಮುಚ್ಚಳ ಬಿಚ್ಚುವವನ ಗತಿ ಏನಾದೀತು? ಮಾಪಕವನ್ನು ಬದಲಿಸುವ ವೆಚ್ಚ ಒಂದು ಖೇಪಿನ ಆದಾಯಕ್ಕೂ ಸಮನಾಗಲಾರದು.

ನಿಲ್ಲಿಸುವ ಅಧಿಕಾರ

ಇವೆಲ್ಲ ಯಾರ್ಡಿನವರಿಗೆ ತಿಳಿಯದ ಸಂಗತಿಗಳಲ್ಲ. ಕೂಡಗಿಯಂಥ ದೊಡ್ಡ ಸ್ಥಾವರಗಳಿಗೆ ತಮ್ಮದೇ ನಿರ್ವಹಣಾ ವಿಭಾಗಗಳಿರುತ್ತವೆ. ನನ್ನ ಕಳವಳ ಅವುಗಳ ಸುತ್ತ ಬೆಳೆದ ಸಣ್ಣ ಯಾರ್ಡುಗಳ ಬಗ್ಗೆ, ಗುತ್ತಿಗೆಯ ಒಳಗುತ್ತಿಗೆಯಲ್ಲಿ ಓಡುವ ಹಳೆಯ ಗಾಡಿಗಳ ಬಗ್ಗೆ. ಅಲ್ಲಿ ಒಳ್ಳೆಯ ಫಿಟ್ಟರನೂ ಇರಬಹುದು, ತಿಳಿವಳಿಕೆಯುಳ್ಳ ಚಾಲಕನೂ ಇರಬಹುದು. ಇಲ್ಲದಿರುವುದು ಒಂದೇ: ಗಾಡಿಯನ್ನು ನಿಲ್ಲಿಸುವ ಅಧಿಕಾರ. ಚಾಲಕನಿಗೆ ಖೇಪಿನ ಲೆಕ್ಕದಲ್ಲಿ ಸಂಬಳ. ಬ್ರೇಕು ಸರಿಯಿಲ್ಲವೆಂದು ಅವನು ಗಾಡಿ ನಿಲ್ಲಿಸಿದರೆ ಆ ದಿನದ ಕೂಲಿ ಹೋಗುತ್ತದೆ. ಎರಡು ಬಾರಿ ನಿಲ್ಲಿಸಿದರೆ ಕೆಲಸವೇ ಹೋಗುತ್ತದೆ. ದೋಷವನ್ನು ಕಂಡವನಿಗೆ ಶಿಕ್ಷೆ, ಕಾಣದವನಂತಿದ್ದವನಿಗೆ ಸಂಬಳ ಎಂಬ ಏರ್ಪಾಡಿನಲ್ಲಿ ಯಾವ ತಪಾಸಣಾ ಪಟ್ಟಿಯೂ ಉಪಯೋಗಕ್ಕೆ 	ಬಾರದು. ಗೋಡೆಯ ಮೇಲೆ 'ಸುರಕ್ಷತೆಯೇ ಮೊದಲು' ಎಂದು ಬರೆಸುವುದು ಸುಲಭ. ಅದಕ್ಕಾಗಿ ಒಂದು ಖೇಪನ್ನು ಬಿಡುವುದು ಕಷ್ಟ.

"ಗಾಡಿ ನಿಂತರೆ ನಷ್ಟ" ಎಂದು ಮಾಲೀಕರು ಹೇಳುತ್ತಾರೆ. ಅವರ ಕಷ್ಟವನ್ನು ಅಲ್ಲಗಳೆಯಲಾಗದು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆ, ಡೀಸೆಲಿನ ಬೆಲೆಯಿದೆ, ಗುತ್ತಿಗೆಯ ಗಡುವಿದೆ. ಆದರೆ ಗಾಡಿ ಹೇಗೂ ಒಂದು ದಿನ ನಿಲ್ಲಲೇಬೇಕು. ಅದು ನಾವು ಗೊತ್ತುಮಾಡಿದ ಹೊತ್ತಿಗೆ, ಬಿಡಿಭಾಗ ಸಿದ್ಧವಿರುವಾಗ, ನೆರಳಿನಲ್ಲಿ ನಿಲ್ಲಬೇಕೋ, ಇಲ್ಲವೆ ತಾನು ಗೊತ್ತುಮಾಡಿದ ಹೊತ್ತಿಗೆ, ನಡುರಾತ್ರಿಯಲ್ಲಿ, ಯಾರದೋ ಮಗನ ಮೇಲೆ ನಿಲ್ಲಬೇಕೋ ಎಂಬುದಷ್ಟೇ ನಮ್ಮ ಮುಂದಿರುವ ಆಯ್ಕೆ.

ಹಾಗಾದರೆ ಮಾಡಬೇಕಾದುದೇನು? ನಾಲ್ಕು ಮಾತುಗಳನ್ನು ಸೂಚಿಸುತ್ತೇನೆ. ಮೊದಲನೆಯದಾಗಿ, ಯಾರ್ಡಿನ ಪ್ರತಿಯೊಂದು ಭಾರವಾಹನದಲ್ಲಿಯೂ ಅದು ದುಡಿದ ಗಂಟೆಗಳನ್ನೆಣಿಸುವ ಮಾಪಕವಿರಬೇಕು. ಪಾಲನೆಯ ಗಡುವುಗಳು ಅದರಂತೆ ನಡೆಯಬೇಕು. ಎರಡನೆಯದಾಗಿ, ಪಾಳಿ ಆರಂಭವಾಗುವ ಮುನ್ನ ಹತ್ತು ನಿಮಿಷ ಚಾಲಕನು ಗಾಡಿಯನ್ನು ಸುತ್ತುಹಾಕಿ ನೋಡಬೇಕು: ಟೈರು ಮತ್ತು ಗಾಲಿಯ ನಟ್ಟುಗಳು, ಗಾಳಿಯ ಒತ್ತಡ, ಟಾಂಕಿಯ ನೀರು, ಬ್ರೇಕಿನ ಹಿಡಿತ, ಎಣ್ಣೆಯ ಸೋರಿಕೆ, ದೀಪ, ಕನ್ನಡಿ, ಹಿಂದಕ್ಕೆ ಹೋಗುವಾಗ ಕೂಗುವ ಹಾರ್ನು. ಈ ಹತ್ತು ನಿಮಿಷಕ್ಕೂ ಕೂಲಿ ಸಲ್ಲಬೇಕು. ಮೂರನೆಯದಾಗಿ, ಚಾಲಕನು ಪುಸ್ತಕದಲ್ಲಿ 'ನಿಲ್ಲಿಸಿದೆ' ಎಂದು ಬರೆದ ಗಾಡಿಯನ್ನು ಫಿಟ್ಟರನ ಸಹಿಯಿಲ್ಲದೆ ಯಾರೂ, ಮಾಲೀಕನೂ ಸಹ, ಹೊರಡಿಸಕೂಡದು. ಆ ದಿನದ ಸಂಬಳವನ್ನು ಕಡಿಯಲೂ ಕೂಡದು. ಕೆಲಸ ಕೊಡುವ ದೊಡ್ಡ ಸಂಸ್ಥೆಗಳು ಗೇಟಿನಲ್ಲಿಯೇ ಈ ಪುಸ್ತಕವನ್ನು ನೋಡಿ ಒಳಗೆ ಬಿಡುವ ಪದ್ಧತಿಯನ್ನಿಟ್ಟರೆ ಗುತ್ತಿಗೆದಾರರಲ್ಲಿ ಪರಸ್ಪರ ಪೈಪೋಟಿಯ ಭಯವೂ ಇರಲಾರದು, ನಿಯಮ ಎಲ್ಲರಿಗೂ ಒಂದೇ ಆಗುವುದು. ನಾಲ್ಕನೆಯದಾಗಿ, ಬೇಲಿಯೊಳಗಿನ ವಾಹನಗಳಿಗೂ ವರ್ಷಕ್ಕೊಮ್ಮೆ ಹೊರಗಿನ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಆಗಬೇಕು. ಕಾರ್ಮಿಕರ ಸುರಕ್ಷತೆಗೆ ಸಂಬಂಧಿಸಿದ ಹಳೆಯ ಕಾಯಿದೆಗಳನ್ನು ಒಂದುಗೂಡಿಸುವ ಸಂಹಿತೆಯನ್ನು ಪಾರ್ಲಿಮೆಂಟು ೨೦೨೦ರಲ್ಲಿ ಅಂಗೀಕರಿಸಿದೆ. ೨೦೨೫ರ ನವೆಂಬರಿನಲ್ಲಿ ಅದು ಜಾರಿಗೆ ಬಂದಿದೆ. ಅದರಡಿಯ ನಿಯಮಗಳಲ್ಲಿ ಎತ್ತುವ ಯಂತ್ರದ ಪಕ್ಕದಲ್ಲಿಯೇ ಓಡುವ ಯಂತ್ರಕ್ಕೂ ಒಂದು ಸ್ಥಾನ ದೊರೆಯಲೆಂಬುದು ನನ್ನ ಬಿನ್ನಹ.

ಈ ಕೆಲಸಕ್ಕೆ ಬೇಕಾದ ಜ್ಞಾನ ನಮ್ಮಿಂದ ದೂರವಿಲ್ಲ. ಡೋಜರುಗಳನ್ನು ಕಟ್ಟುವ ವಿದ್ಯೆ ನಮ್ಮ ನಾಡಿನಲ್ಲಿ ನೆಲೆಯೂರಿ ದಶಕಗಳೇ ಸಂದಿವೆ. ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅವನ್ನು ತಯಾರಿಸುತ್ತ ಬಂದಿದೆ. ಕಟ್ಟಬಲ್ಲವರಿಗೆ ಕಾಪಾಡುವುದು ಅಸಾಧ್ಯವೆ? ಗೊಳಸಂಗಿ, ನಿಡಗುಂದಿ, ಬಾಗೇವಾಡಿಗಳ ತರುಣರು ಕೈಗಾರಿಕಾ ತರಬೇತಿ ಪಡೆದು ಕೆಲಸ ಹುಡುಕುತ್ತಿದ್ದಾರೆ. ಬ್ರೇಕು, ಟೈರು, ಹೈಡ್ರಾಲಿಕ್ ಕೊಳವೆಗಳ ಪರೀಕ್ಷೆಯಲ್ಲಿ ಪಳಗಿದ ಹತ್ತಾರು ಕೈಗಳಿಗೆ ಈ ಒಂದು ಸೀಮೆಯಲ್ಲಿಯೇ ವರ್ಷಪೂರ್ತಿ ಕೆಲಸವುಂಟು.

ಮಹಾನವಮಿಯ ದಿನ ನಮ್ಮ ಯಾರ್ಡುಗಳಲ್ಲಿ ಎಲ್ಲ ಗಾಡಿಗಳನ್ನೂ ತೊಳೆದು, ಹೂವೇರಿಸಿ, ಗಾಲಿಗಳ ಅಡಿಗೆ ನಿಂಬೆಹಣ್ಣಿಟ್ಟು ಪೂಜಿಸುತ್ತಾರೆ. ದುಡಿಯುವ ಉಪಕರಣಕ್ಕೆ ಕೈಮುಗಿಯುವುದು ಒಳ್ಳೆಯ ಸಂಪ್ರದಾಯ, ಅದನ್ನು ಬಿಡಬೇಕಾಗಿಲ್ಲ. ಆದರೆ ನಿಂಬೆಹಣ್ಣಿಡಲು ಬಗ್ಗಿದವನು ಒಂದು ಕ್ಷಣ ಗಾಲಿಯ ಒಳಬದಿಯನ್ನೂ ನೋಡಲಿ, ಮತ್ತು ಆ ನೋಟ ವರ್ಷದ ಉಳಿದ ದಿನಗಳಲ್ಲಿಯೂ ತಪ್ಪದಿರಲಿ. ಗಾಲಿಗೆ ಒತ್ತು ಕೊಡಬೇಕಾದಲ್ಲಿ ಸರಿಯಾದ ಅಳತೆಯ ಬೆಣೆಯನ್ನು ಕೊಡೋಣ, ಕೆಟ್ಟ ಬ್ರೇಕಿಗೆ ಬದಲಾಗಿ ಕರಿಕಲ್ಲನ್ನಲ್ಲ. ಹೊಲಕ್ಕೆ ಹೊರಟ ಚಕ್ಕಡಿಯ ಕಡೆಗೀಲನ್ನು ಪ್ರತಿದಿನ ಮುಟ್ಟಿ ನೋಡುತ್ತಿದ್ದ ಒಕ್ಕಲಿಗನ ಮಕ್ಕಳೂ ಮೊಮ್ಮಕ್ಕಳೂ ಇಂದು ಈ ಗಾಡಿಗಳ ಮೇಲೆ ಕುಳಿತಿದ್ದಾರೆ. ಅವನ ಅಭ್ಯಾಸವನ್ನು ಅವರು ನಡೆಸಿಕೊಂಡು ಹೋಗುವುದಕ್ಕೆ ಬೇಕಾದುದು ಹತ್ತು ನಿಮಿಷ ಸಮಯ ಮತ್ತು 'ಇಂದು ಈ ಗಾಡಿ ಹೊರಡದು' ಎಂದು ಹೇಳುವ ಹಕ್ಕು. ಇವೆರಡನ್ನೂ ಅವರಿಗೆ ಕೊಡಬೇಕಾದುದು ನಮ್ಮ ಧರ್ಮ.